ಕರುಳಿನ ಕ್ಯಾನ್ಸರ್: ಮೊದಲು ರಿಪೋರ್ಟ್, ಆಮೇಲೆ ಗೂಗಲ್

ದೊಡ್ಡ ಕರುಳಿನ ಕ್ಯಾನ್ಸರ್ ಅಂತ ಗೊತ್ತಾದ ರಾತ್ರಿಯೇ ಮನೆಮಂದಿಯೆಲ್ಲ ಮೊಬೈಲ್ ಹಿಡಿದು ಕೂರುತ್ತಾರೆ. ಡೊಂಬಿವಲಿಯಲ್ಲಿ ಮಗ ಒಂದು ಓದುತ್ತಾನೆ, ಕುಂದಾಪುರದಿಂದ ಅತ್ತೆ ಇನ್ನೊಂದು ಫಾರ್ವರ್ಡ್ ಮಾಡುತ್ತಾರೆ. ಬೆಳಗಾಗುವಷ್ಟರಲ್ಲಿ ಭಯ ಮಾತ್ರ ಜಾಸ್ತಿಯಾಗಿರುತ್ತದೆ.

ಮೊದಲು ಗಡ್ಡೆ ಇರುವ ಜಾಗ ನೋಡಿ. ಕೊಲೊನೋಸ್ಕೋಪಿ (ಕ್ಯಾಮೆರಾ ನಳಿಕೆ ಹಾಕಿ ಕರುಳಿನ ಒಳಗೆ ನೋಡುವ ಪರೀಕ್ಷೆ) ರಿಪೋರ್ಟಿನಲ್ಲಿ ಕೋಲನ್ನೋ ರೆಕ್ಟಮ್ಮೋ ಎಂದು ಬರೆದಿರುತ್ತದೆ. ಕೋಲನ್ ಎಂದರೆ ದೊಡ್ಡ ಕರುಳಿನ ಉದ್ದನೆಯ ಭಾಗ, ರೆಕ್ಟಮ್ ಎಂದರೆ ಗುದದ್ವಾರಕ್ಕೆ ಸೇರುವ ಅದರ ಕೊನೆಯ ತುಂಡು. ಕೋಲನ್ ಆದರೆ ಸಾಮಾನ್ಯವಾಗಿ ಮೊದಲು ಆಪರೇಷನ್. ರೆಕ್ಟಮ್ ಆದರೆ ಎಷ್ಟೋ ಸಲ ರೇಡಿಯೇಷನ್, ಕೀಮೋ ಮೊದಲು. ಪಕ್ಕದ ಬಿಲ್ಡಿಂಗಿನವರಿಗೆ ಕೊಟ್ಟ ಚಿಕಿತ್ಸೆ ನಮಗ್ಯಾಕಿಲ್ಲ ಎಂದು ಡಾಕ್ಟರ ಹತ್ತಿರ ಜಗಳಕ್ಕೆ ನಿಲ್ಲಬೇಡಿ.

ಎಲ್ಲರೂ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಬಯಾಪ್ಸಿಯಲ್ಲಿ, ಅಂದರೆ ಗಡ್ಡೆಯ ಚೂರು ತೆಗೆದು ಮಾಡಿದ ಪರೀಕ್ಷೆಯಲ್ಲಿ, ‘ಮಾಡರೇಟ್ಲಿ ಡಿಫರೆನ್ಶಿಯೇಟೆಡ್ ಅಡಿನೋಕಾರ್ಸಿನೋಮಾ, ಗ್ರೇಡ್ 2’ ಎಂದಿದ್ದರೆ ಸಾಕು, ‘ಸೆಕೆಂಡ್ ಸ್ಟೇಜ್ ಅಂತೆ’ ಎಂದು ಊರಿಗೆಲ್ಲ ಫೋನ್ ಹೋಗುತ್ತದೆ. ಗ್ರೇಡ್ ಬೇರೆ, ಸ್ಟೇಜ್ ಬೇರೆ. ಮೈಕ್ರೋಸ್ಕೋಪಿನಡಿ ಜೀವಕೋಶ ಎಷ್ಟು ಕೆಟ್ಟು ಕಾಣುತ್ತದೆ ಎಂಬುದು ಗ್ರೇಡ್. ರೋಗ ಎಲ್ಲಿಯವರೆಗೆ ಹೋಗಿದೆ ಎಂಬುದು ಸ್ಟೇಜ್. ಬಯಾಪ್ಸಿಯ ಸಣ್ಣ ಚೂರು ಸ್ಟೇಜನ್ನು ಹೇಳಲಾರದು. ಸ್ಕ್ಯಾನ್ ಬೇಕು, ಆಪರೇಷನ್ ಆದರೆ ಅದರ ರಿಪೋರ್ಟೂ ಬೇಕು. ಅಲ್ಲಿ ಟಿ (ಗಡ್ಡೆಯ ಆಳ), ಎನ್ (ಲಿಂಫ್ ಗಂಟು), ಎಂ (ದೂರಕ್ಕೆ ಹರಡಿದ್ದು) ಹುಡುಕಿ. ಟಿ3 ಎಂದರೆ ಗಡ್ಡೆ ಕರುಳಿನ ಸ್ನಾಯು ಪದರ ದಾಟಿದೆ. ಎನ್1 ಎಂದರೆ ಸಾಮಾನ್ಯವಾಗಿ ಹತ್ತಿರದ 1ರಿಂದ 3 ಲಿಂಫ್ ಗಂಟುಗಳಲ್ಲಿ ಸಿಕ್ಕಿದೆ. ಎಂ0 ಎಂದರೆ ದೂರದ ಅಂಗಗಳಲ್ಲಿಲ್ಲ. ಮೂರೂ ಸೇರಿ 3ನೇ ಸ್ಟೇಜ್. ಎನ್1 ಬದಲು ಎನ್0 ಇದ್ದರೆ 2ನೇದು. ಆಪರೇಷನ್ನಿನಲ್ಲಿ ತೆಗೆದ ಗಂಟುಗಳಲ್ಲಿ ಎಷ್ಟನ್ನು ಪರೀಕ್ಷಿಸಿದ್ದಾರೆ ಎಂಬುದನ್ನೂ ಓದಿ. ಕನಿಷ್ಠ 12 ಇರಬೇಕು ಎಂಬುದು ವಾಡಿಕೆ. ಕಡಿಮೆಯಿದ್ದರೆ ಯಾಕೆಂದು ಕೇಳಿ, ಸಂಕೋಚ ಬೇಡ.

ಸಿಇಎ (ಈ ಕ್ಯಾನ್ಸರಿನಲ್ಲಿ ಏರಬಹುದಾದ ಒಂದು ಪ್ರೋಟೀನ್) ರಕ್ತಪರೀಕ್ಷೆ ನಾರ್ಮಲ್ ಬಂತೆಂದು ಕುಣಿಯಬೇಡಿ. ಕ್ಯಾನ್ಸರ್ ಇದ್ದೂ ಅದು ನಾರ್ಮಲ್ ಇರಬಹುದು, ಸಿಗರೇಟ್ ಸೇದುವವರಲ್ಲಿ ಸುಮ್ನೆ ಏರಲೂಬಹುದು. ‘ಫುಲ್ ಬಾಡಿ’ ಪ್ಯಾಕೇಜಿನಲ್ಲಿ ಅದನ್ನು ತುರುಕಿ ಮಾರುವುದು ನನಗಂತೂ ಸಿಟ್ಟು ತರಿಸುತ್ತದೆ. ಕರುಳು ತೊಳೆಯುವ ಡಿಟಾಕ್ಸ್ ಪುಡಿಗೂ ಗಡ್ಡೆಗೂ ಸಂಬಂಧವೇ ಇಲ್ಲ.

ಈಗ ಹುಡುಕಿ. ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ತಾಣದಲ್ಲಿ ರೋಗಿಗಳಿಗೆಂದೇ ಬರೆದ ಪುಟಗಳಿವೆ. ಕೋಲನ್‌ಗೆ ಒಂದು, ರೆಕ್ಟಮ್‌ಗೆ ಇನ್ನೊಂದು. ಇಂಗ್ಲಿಷ್ ಸಲೀಸಾಗಿ ಓದುವವರೊಬ್ಬರು ಮನೆಯವರಿಗೆಲ್ಲ ಕನ್ನಡದಲ್ಲಿ ಹೇಳಲಿ. 5 ವರ್ಷ ಬದುಕುವವರ ಶೇಕಡಾವಾರು ಲೆಕ್ಕವನ್ನು ಮೊದಲ ವಾರ ನೋಡಲೇಬೇಡಿ. ಅದು ವರ್ಷಗಳ ಹಿಂದೆ ರೋಗ ಪತ್ತೆಯಾದವರ ಲೆಕ್ಕ.

ಎರಡನೇ ಅಭಿಪ್ರಾಯಕ್ಕೆ ಮುಂಬಯಿಯವರಿಗೆ ಪರೇಲ್ ಇದ್ದೇ ಇದೆ. ಅಲ್ಲಿಯ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆ 1941ರಿಂದ ನಡೆಯುತ್ತಿದೆ. ಬರೀ ಜೆರಾಕ್ಸ್ ಹಿಡಿದು ಲೋಕಲ್ ಹತ್ತಬೇಡಿ. ಬಯಾಪ್ಸಿ ಮಾಡಿದ ಲ್ಯಾಬಿನಿಂದ ಗಾಜಿನ ಸ್ಲೈಡ್, ಪುಟ್ಟ ಪ್ಲಾಸ್ಟಿಕ್ ಚೌಕಟ್ಟಿನಲ್ಲಿರುವ ಮೇಣದ ಬ್ಲಾಕ್ (ಗಡ್ಡೆಯ ಚೂರು ಇದರೊಳಗಿರುತ್ತದೆ), ಸ್ಕ್ಯಾನಿನ ಸಿಡಿ ಮೂರನ್ನೂ ಕೇಳಿ ತಗೊಳ್ಳಿ. ಬ್ಲಾಕನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟು ಹೋಗಬೇಡಿ, ಮೇಣ ಮೆತ್ತಗಾಗುತ್ತದೆ.