ಸ್ಟೇಷನ್ ಹತ್ತಿರ ನಾಲ್ಕು ಬಾಡಿಗೆ ಮನೆ: ನನ್ನ ಅನುಭವ

ನಮ್ಮ ಸೋದರಮಾವನಿಗೆ ತುಮಕೂರು ರೈಲ್ವೆ ಸ್ಟೇಷನ್ ಹತ್ತಿರ ಒಂದು 30 ಬೈ 40 ಸೈಟು ಇತ್ತು. ಪಕ್ಕದಲ್ಲೇ ಅವರ ಹಳೇ ಮನೆ. ರಿಟೈರ್ ಆದ ಮೇಲೆ ಬಾಡಿಗೆಗೆ ಏನಾದರೂ ಕಟ್ಟಿಸೋಣ ಅಂದರು. ನಾನು ಸಿವಿಲ್ ಇಂಜಿನಿಯರ್, ಪ್ಲ್ಯಾನ್ ಹಾಕಿಕೊಡುವುದೇ ಕೆಲಸ. ಮಾವನ ಮನಸ್ಸಿನಲ್ಲಿದ್ದದ್ದು ಕೆಳಗೆ ಪೂರ್ತಿ ಕಾರ್ ಪಾರ್ಕಿಂಗ್, ಮೇಲೆ ಒಂದು ದೊಡ್ಡ ಡೂಪ್ಲೆಕ್ಸ್. ನಾನು ಹೇಳಿದ್ದು ಎರಡು ಮಹಡಿಯಲ್ಲಿ ಒಂದು ಬೆಡ್‌ರೂಮಿನ ನಾಲ್ಕು ಸಣ್ಣ ಮನೆ, ಕೆಳಗೆ ಒಂದು ಅಂಗಡಿ.

"ಲೋ, ಕಾರು ನಿಲ್ಲಿಸೋಕೆ ಜಾಗ ಇಲ್ದಿದ್ರೆ ಯಾವನೋ ಬರ್ತಾನೆ ಬಾಡಿಗೆಗೆ?" ಅಂದರು.

"ಕಾರು ಇರೋರು ಇಲ್ಲಿಗೆ ಯಾಕೆ ಬರ್ತಾರೆ ಮಾವ? ಇಲ್ಲಿಗೆ ಬರೋದು ರೈಲಿಗೆ ಹೋಗೋರು."

ಬೆಂಗಳೂರು ಇಲ್ಲಿಂದ ಸುಮಾರು 70 ಕಿಲೋಮೀಟರ್. ಜೋಡಿ ಹಳಿ ಇದೆ, ಕರೆಂಟ್ ಗಾಡಿ ಓಡುತ್ತೆ, 2024ರಲ್ಲಿ ಮೆಮು, ಅಂದರೆ ಹತ್ತಿರದ ಊರುಗಳ ಮಧ್ಯೆ ಓಡುವ ಕರೆಂಟ್ ಲೋಕಲ್ ಗಾಡಿ, ಕೂಡ ಬಂತು. ತಿಂಗಳ ಪಾಸ್ ಮಾಡಿಸಿಕೊಂಡು ಯಶವಂತಪುರಕ್ಕೆ ಹೋಗಿ ಬರುವವರು ನಮ್ಮ ಬೀದಿಯಲ್ಲೇ ಎಷ್ಟೋ ಜನ. ಕೊನೆಗೆ ನಿಯಮಕ್ಕೆ ಬೇಕಾದಷ್ಟು ಕಾರಿನ ಜಾಗ ಬಿಟ್ಟು, ಉಳಿದದ್ದನ್ನು ಅಂಗಡಿಗೂ ಸ್ಕೂಟರ್‌ಗೂ ಕೊಟ್ಟೆವು. ಮಾವ ಒಪ್ಪಿದರು ಅನ್ನುವುದಕ್ಕಿಂತ ಸುಮ್ಮನಾದರು ಅನ್ನಬಹುದು.

ಸ್ಟೇಷನ್‌ಗಳ ಸುತ್ತ ಊರು ಹೇಗೆ ಬೆಳೆಯಬೇಕು ಅನ್ನುವ ಕೇಂದ್ರ ಸರ್ಕಾರದ 2017ರ ನೀತಿಯಲ್ಲಿ ಸ್ಟೇಷನ್‌ನಿಂದ 500ರಿಂದ 800 ಮೀಟರ್ ಒಳಗೆ ಜನ ಒತ್ತಾಗಿ ಇರಲಿ, ನಡೆದೇ ಬರಲಿ ಎಂದಿದೆ. ಒಳ್ಳೇ ಮಾತು. ನಮ್ಮ ಸೈಟು ನಕ್ಷೆಯಲ್ಲಿ ಅಳೆದರೆ ಸ್ಟೇಷನ್‌ನಿಂದ 420 ಮೀಟರ್. ಆದರೆ ನಡೆದು ನೋಡಿದರೆ ಹನ್ನೊಂದು ನಿಮಿಷ ಹಿಡಿಯಿತು. ಗಲ್ಲಿಯ ತುದಿಗೆ ಒಂದು ಕಾಂಪೌಂಡ್ ಗೋಡೆ ಅಡ್ಡ ಇದೆ, ಸುತ್ತಿಕೊಂಡು ಬರಬೇಕು. ಚರಂಡಿ ಮೇಲಿನ ಚಪ್ಪಡಿ ಮೂರು ಕಡೆ ಇಲ್ಲ. ಅಲ್ಲಿ ರಸ್ತೆಗಿಳಿದು ಬೈಕುಗಳ ಮಧ್ಯೆ ನಡೆಯಬೇಕು. ರಾತ್ರಿ ಎಂಟೂವರೆಗೆ ಮತ್ತೆ ಹೋದೆ. ಗಲ್ಲಿಯ ಅರ್ಧ ಭಾಗದಲ್ಲಿ ಕತ್ತಲೆ. ಆಫೀಸಿನಿಂದ ಒಬ್ಬಳೇ ಬರುವ ಹೆಣ್ಣುಮಗಳಿಗೆ ಆ 420 ಮೀಟರ್ ಲೆಕ್ಕಕ್ಕೆ ಬರಲ್ಲ ಅಲ್ವಾ? ಅದಕ್ಕೇ ಬೀದಿಗೆ ಮುಖ ಮಾಡಿ ಅಂಗಡಿ ಇಟ್ಟೆ. ಸೊಪ್ಪು, ಹಾಲು ಮಾರುವವರು ಬಂದರು. ಸಂಜೆ ಗಾಡಿ ಇಳಿದವರು ಕೊಂಡು ಹೋಗುತ್ತಾರೆ, ಒಂಬತ್ತೂವರೆವರೆಗೂ ದೀಪ ಉರಿಯುತ್ತೆ.

ಇಷ್ಟೆಲ್ಲ ಯೋಚಿಸಿದವನು ನೀರಿನಲ್ಲಿ ಎಡವಿದೆ.

ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವುದು ನಾವೆಲ್ಲ ಹಾಕುವ ಲೆಕ್ಕ. ನಾಲ್ಕು ಮನೆಗೆ ಹನ್ನೊಂದು ಜನ, ಹತ್ತಿರ ಹತ್ತಿರ 1500 ಲೀಟರ್. ಮೇಲೆ ಒಂದು ಸಾವಿರ ಲೀಟರಿನ ಟ್ಯಾಂಕ್ ಇಟ್ಟು ದಿನಕ್ಕೆ ಎರಡು ಸಲ ಮೋಟರ್ ಹಾಕಿದರೆ ಸಾಕು ಅಂದುಕೊಂಡೆ. ಎಲ್ಲರೂ ಒಂದೇ ಗಾಡಿಗೆ ಹೋಗುವವರು ಅನ್ನುವುದು ತಲೆಗೆ ಹೊಳೆಯಲೇ ಇಲ್ಲ! ಬೆಳಿಗ್ಗೆ ಐದೂಕಾಲರಿಂದ ಆರೂವರೆ ಒಳಗೆ ಹನ್ನೊಂದು ಸ್ನಾನ, ನಾಲ್ಕು ಅಡುಗೆಮನೆ, ನಾಲ್ಕು ಗೀಸರ್. ಬಾಡಿಗೆಗೆ ಬಂದ ಎರಡನೇ ವಾರ ಎರಡನೇ ಮಹಡಿಯ ಹುಡುಗ ತಲೆತುಂಬ ಸೋಪು ಹಚ್ಚಿಕೊಂಡು, ಟವೆಲ್ ಸುತ್ತಿಕೊಂಡು ಮೆಟ್ಟಿಲಿಗೆ ಬಂದು "ಅಂಕಲ್, ನೀರು!" ಎಂದು ಕೂಗಿದ. ಮಾವ ನನಗೆ ಫೋನ್ ಮಾಡಿದಾಗ ಇನ್ನೂ ಆರು ಗಂಟೆ ಆಗಿರಲಿಲ್ಲ.

ಹೋಗಿ ನೋಡಿದೆ. ಟ್ಯಾಂಕಿನಲ್ಲಿ ಇನ್ನೂ ಒಂದು ಗೇಣು ನೀರಿತ್ತು. ಆದರೆ ಎರಡು ಮಹಡಿಗೂ ಸೇರಿ ಒಂದೇ ಪೈಪ್ ಇಳಿಸಿದ್ದೆ. ಟ್ಯಾಂಕಿಗೆ ಹತ್ತಿರ ಇರುವ ಮೇಲಿನ ಮಹಡಿಗೇ ಒತ್ತಡ ಕಡಿಮೆ. ಕೆಳಗಿನವರು ನಲ್ಲಿ ತಿರುಗಿಸಿದರೆ ಮೇಲಿನವರಿಗೆ ಗಾಳಿ ಮಾತ್ರ. ಆಮೇಲೆ ಇನ್ನೊಂದು ಸಾವಿರ ಲೀಟರ್ ಟ್ಯಾಂಕ್ ಇಟ್ಟು, ಮಹಡಿಗೊಂದು ಬೇರೆ ಲೈನ್ ಇಳಿಸಿದೆವು. ಟೈಲ್ಸ್ ಒಡೆಯದೆ ಗೋಡೆಯ ಹೊರಗಿಂದ ತಂದದ್ದರಿಂದ ಚೆನ್ನಾಗಿ ಕಾಣಲ್ಲ, ಆದರೆ ನೀರು ಬರುತ್ತೆ. ನಾಲ್ಕು ಗೀಸರ್ ಒಟ್ಟಿಗೆ ಉರಿಯುವುದನ್ನು ಲೆಕ್ಕ ಹಾಕಿ ಬೆಸ್ಕಾಂನಲ್ಲಿ ಲೋಡ್ ಕೂಡ ಹೆಚ್ಚಿಸಿಕೊಂಡೆವು.

ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರು ನಮ್ಮ ಬೀದಿಗೆ ದಿನಾ ಬಿಡುವುದಿಲ್ಲ. ಸಂಪಿನಲ್ಲಿ ಹಿಡಿದಿಟ್ಟು, ಎರಡೂ ಟ್ಯಾಂಕನ್ನು ರಾತ್ರಿಯೇ ತುಂಬಿಸಬೇಕು. ಅದಕ್ಕೆ ತಾನೇ ಆನ್ ಆಗುವ ಸ್ವಿಚ್ ಹಾಕಿದ್ದೇನೆ, ಹತ್ತೂವರೆಗೆ ಮೋಟರ್ ಶುರುವಾಗುತ್ತೆ. ಸಂಪು ಇರುವುದು ಮಾವನ ಮಲಗುವ ಕೋಣೆಯ ಕಿಟಕಿ ಕೆಳಗೆ. ಮೋಟರ್ ಅಡಿಗೆ ರಬ್ಬರ್ ಶೀಟ್ ಹಾಕಿ ನೋಡಿದೆ, ಸದ್ದು ಸ್ವಲ್ಪ ಕಮ್ಮಿ ಆಯ್ತು. ಮಾವ ಮಾತ್ರ ಇನ್ನೂ ಬೈಯುತ್ತಲೇ ಇದ್ದಾರೆ.