ಶಾಲೆಯಲ್ಲಿ ಸೋಂಕು: ಮಗುವಿನ ಕ್ವಾರಂಟೈನ್ ದಿನ ಎಣಿಸುವುದು ಹೇಗೆ?

ತರಗತಿಯಲ್ಲಿ ಒಬ್ಬರಿಗೆ ಸೋಂಕು ದೃಢಪಟ್ಟಿದೆ ಎಂಬ ಸುದ್ದಿ ಬಂದ ಕೂಡಲೇ ಪೋಷಕರು ಕೇಳುವುದು, ‘ಮಗುವನ್ನು ಎಷ್ಟು ದಿನ ಮನೆಯಲ್ಲಿ ಇರಿಸಿಕೊಳ್ಳಬೇಕು?’ ಎಂದು. ಅದಕ್ಕೂ ಮೊದಲು ಕೇಳಬೇಕಾದದ್ದು, ‘ಯಾವ ದಿನದಿಂದ?’ ಕೋವಿಡ್ ಕಾಲದಲ್ಲಿ ಪೋಷಕರು ಮತ್ತು ಶಿಕ್ಷಕರ ನಡುವೆ ನಾನು ಕಂಡ ವಾಗ್ವಾದಗಳೆಲ್ಲ ಹೆಚ್ಚಾಗಿ ಈ ತಾರೀಖಿನ ಸುತ್ತಲೇ ಇದ್ದವು. ಲೆಕ್ಕ ತಪ್ಪಿ ಮಗು ಬೇಗ ಶಾಲೆಗೆ ಬಂದರೆ ಸೋಂಕು ಹರಡುತ್ತದೆ. ತಡವಾಗಿ ಬಂದರೆ ಪಾಠ, ಬಿಸಿಯೂಟ, ಗೆಳೆಯರ ಒಡನಾಟ ಎಲ್ಲವೂ ಕಾರಣವಿಲ್ಲದೆ ತಪ್ಪಿಹೋಗುತ್ತವೆ. ಮುಂದೆ ಇಂಥದೇ ಸ್ಥಿತಿ ಎದುರಾದರೆ ಗಲಿಬಿಲಿಯಾಗದಂತೆ, ಕರ್ನಾಟಕದ ಶಾಲೆಗಳು 2020ರಿಂದ 2022ರವರೆಗೆ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಹೇಳಿದ್ದೇನೆ.

1. ಮಗು ಯಾವ ಗುಂಪಿಗೆ ಸೇರುತ್ತದೆ?

ಸೋಂಕು ದೃಢಪಟ್ಟ ಮಗುವಿಗೆ ಒಂದು ನಿಯಮ, ಸೋಂಕಿತರ ಸಮೀಪ ಇದ್ದು ಆರೋಗ್ಯವಾಗಿರುವ ಮಗುವಿಗೆ ಇನ್ನೊಂದು. ಮೊದಲನೆಯದು ಪ್ರತ್ಯೇಕವಾಸ, ಕಾಯಿಲೆ ಇನ್ನೊಬ್ಬರಿಗೆ ದಾಟುವ ಅವಧಿ ಮುಗಿಯುವವರೆಗೆ ಇದು ಬೇಕು. ಎರಡನೆಯದು ಕ್ವಾರಂಟೈನ್, ಒಳಗೆ ಸೋಂಕು ಇದ್ದರೆ ಅದು ಹೊರಬೀಳಲು ಹಿಡಿಯುವ ಗರಿಷ್ಠ ಕಾಲವನ್ನು ಕಾದು ನೋಡುವುದು. ಅದೇ ಕಟ್ಟಡದಲ್ಲಿ ಬೇರೆ ತರಗತಿಯಲ್ಲಿ ಕುಳಿತು ಸೋಂಕಿತರ ಹತ್ತಿರವೂ ಸುಳಿಯದ ಮಗು ಈ ಎರಡರಲ್ಲೂ ಇಲ್ಲ. ಅದನ್ನು ಭಯದಿಂದ ಮನೆಗೆ ಕಳುಹಿಸುವುದು ಸರಿಯಲ್ಲ.

ಒಂದೇ ಬೆಂಚಿನಲ್ಲಿ ಕುಳಿತವರು, ಊಟ ಹಂಚಿಕೊಂಡವರು, ಒಂದೇ ಆಟೊದಲ್ಲಿ ಬರುವವರು ನಿಕಟ ಸಂಪರ್ಕಿತರು. ಮೈದಾನದಲ್ಲಿ ಪಕ್ಕದಿಂದ ಓಡಿಹೋದವರು ಅಲ್ಲ. ಈ ಪಟ್ಟಿಯನ್ನು ತರಗತಿ ಶಿಕ್ಷಕರು ಅಂದೇ ಬರೆಯಬೇಕು, ಏಕೆಂದರೆ ಯಾರು ಯಾರ ಪಕ್ಕ ಕೂರುತ್ತಾರೆ ಎಂಬುದು ಕಚೇರಿಗೆ ತಿಳಿಯುವುದಿಲ್ಲ.

2. ಸರಿಯಾದ ತಾರೀಖು ಹಿಡಿಯಿರಿ

ಸಂಪರ್ಕಿತ ಮಗುವಿನ ಎಣಿಕೆ ಶುರುವಾಗುವುದು ಸೋಂಕಿತರನ್ನು ಕೊನೆಯ ಬಾರಿ ಭೇಟಿಯಾದ ದಿನದ ಮರುದಿನದಿಂದ. ವರದಿ ಬಂದ ದಿನದಿಂದಲ್ಲ, ಶಾಲೆಗೆ ಫೋನು ಬಂದ ದಿನದಿಂದಲೂ ಅಲ್ಲ.

ಒಂದು ಉದಾಹರಣೆ ನೋಡೋಣ. ಏಳನೇ ತರಗತಿಯ ಹುಡುಗನೊಬ್ಬ 3ನೇ ತಾರೀಖು ಶಾಲೆಗೆ ಬಂದಿದ್ದ. ಅಂದು ಸಂಜೆ ಜ್ವರ ಬಂದು ಮನೆಯಲ್ಲೇ ಉಳಿದ. 5ರಂದು ಗಂಟಲ ದ್ರವ ಕೊಟ್ಟ, 6ರಂದು ವರದಿ ಬಂತು, 7ರಂದು ಮುಖ್ಯ ಶಿಕ್ಷಕರಿಗೆ ತಿಳಿಯಿತು. ಅವನ ಬೆಂಚಿನ ಜೊತೆಗಾರನಿಗೆ 4ನೇ ತಾರೀಖೇ ಮೊದಲ ದಿನ. 2020ರಲ್ಲಿದ್ದ 14 ದಿನಗಳ ನಿಯಮದ ಪ್ರಕಾರ 17ಕ್ಕೆ ಅವಧಿ ಮುಗಿದು, 18ರಂದು ಅವನು ಶಾಲೆಗೆ ಬರಬಹುದು. ಆದರೆ ಸುದ್ದಿ ತಿಳಿದ 7ನ್ನೇ ಕೊನೆಯ ಸಂಪರ್ಕದ ದಿನವೆಂದು ಹಿಡಿದರೆ 21ರವರೆಗೆ ಮನೆಯಲ್ಲೇ ಇರಬೇಕಾಗುತ್ತದೆ. ನಾಲ್ಕು ದಿನಗಳ ಪಾಠ ಸುಮ್ಮನೆ ಹೋಯಿತು.

ಸೋಂಕಿತ ಹುಡುಗನ ಲೆಕ್ಕವೇ ಬೇರೆ. 2020ರ ಜುಲೈನ ಕೇಂದ್ರ ಮಾರ್ಗಸೂಚಿಯಲ್ಲಿ ಲಕ್ಷಣ ಕಾಣಿಸಿದ ದಿನದಿಂದ 10 ದಿನ ಕಳೆದು, ಕೊನೆಯ 3 ದಿನ ಜ್ವರ ಇಲ್ಲದಿರಬೇಕಿತ್ತು. ಓಮಿಕ್ರಾನ್ ಹಬ್ಬುತ್ತಿದ್ದ 2022ರ ಜನವರಿಯಲ್ಲಿ ಇದು, ಪಾಸಿಟಿವ್ ಎಂದು ತಿಳಿದಾಗಿನಿಂದ ಕನಿಷ್ಠ 7 ದಿನ ಮತ್ತು ಸತತ 3 ದಿನ ಜ್ವರರಹಿತ ಸ್ಥಿತಿ ಎಂದಾಯಿತು. ಇಲ್ಲಿ ಎರಡು ಷರತ್ತುಗಳಿವೆ, ಎರಡೂ ಪೂರೈಸಬೇಕು. ಏಳನೇ ದಿನವೂ ಮೈ ಬಿಸಿಯಿದ್ದರೆ ಅವಧಿ ಮುಗಿದಿಲ್ಲ.

ಆದ್ದರಿಂದ ಹಳೆಯ ಸಂಖ್ಯೆಯನ್ನು ನೆನಪಿಟ್ಟುಕೊಂಡು ಹೊಸ ಕಾಯಿಲೆಗೆ ಅನ್ವಯಿಸಬೇಡಿ. ಅಂದಿನ ಸುತ್ತೋಲೆ ಏನು ಹೇಳುತ್ತದೆ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೇಳಿ. ನಮಗೆ ಹಳೆಯ ಪರಿಚಯವಿರುವ ರೋಗಗಳಲ್ಲೂ ಹೀಗೆಯೇ: ದಡಾರಕ್ಕೆ ಗಂಧೆ ಎದ್ದ ಮೇಲೆ ನಾಲ್ಕು ದಿನ, ಮಂಗನಬಾವಿಗೆ ಊತ ಶುರುವಾದ ಮೇಲೆ ಐದು ದಿನ, ಸೀತಾಳೆ ಸಿಡುಬಿಗೆ ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವವರೆಗೆ ಮಗುವನ್ನು ಶಾಲೆಯಿಂದ ದೂರವಿರಿಸುತ್ತಾರೆ.

ಇನ್ನೊಂದು ಮಾತು. ಸಂಪರ್ಕವಾದ ಮರುದಿನವೇ ಪರೀಕ್ಷೆ ಮಾಡಿಸಿ ‘ನೆಗೆಟಿವ್ ಬಂದಿದೆ, ಇನ್ನು ಚಿಂತೆಯಿಲ್ಲ’ ಎಂದು ಮಗುವನ್ನು ಶಾಲೆಗೆ ಕಳುಹಿಸಿದವರು ಅನೇಕರು. ಸೋಂಕು ತಗುಲಿದ್ದರೂ ಅಷ್ಟು ಬೇಗ ಅದು ಪರೀಕ್ಷೆಯಲ್ಲಿ ಕಾಣದಿರಬಹುದು. ಆ ವರದಿಯಿಂದ ಕ್ವಾರಂಟೈನ್ ತಾನಾಗಿ ಮುಗಿಯುವುದಿಲ್ಲ.

3. ಮನೆಯಲ್ಲೇ ಸೋಂಕಿತರಿದ್ದರೆ

ಲೆಕ್ಕ ಹೆಚ್ಚು ತಪ್ಪುವುದು ಇಲ್ಲಿಯೇ. ತಾಯಿಗೆ ಸೋಂಕು ತಗುಲಿದೆ, ಮಗುವಿಗೆ ಇಲ್ಲ. ತಾಯಿ ಬೇರೆ ಕೋಣೆ, ಬೇರೆ ಶೌಚಾಲಯ ಬಳಸುತ್ತಿದ್ದರೆ ಬೇರ್ಪಟ್ಟ ಮರುದಿನದಿಂದ ಮಗುವಿನ ದಿನ ಎಣಿಸಬಹುದು. ಆದರೆ ಇಡೀ ಕುಟುಂಬ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರೆ ಮಗು ಪ್ರತಿದಿನ ಹೊಸದಾಗಿ ಸಂಪರ್ಕಕ್ಕೆ ಬರುತ್ತಿರುತ್ತದೆ. ತಾಯಿಯ ಪ್ರತ್ಯೇಕವಾಸ ಮುಗಿದ ದಿನವೇ ಆಗ ಮಗುವಿನ ಕೊನೆಯ ಸಂಪರ್ಕದ ದಿನ. ಅಲ್ಲಿಂದ ಮುಂದೆ ಮತ್ತೆ ಪೂರ್ತಿ ಅವಧಿ.

ಚಿಕ್ಕ ಮನೆಯ ಮಕ್ಕಳು ಹೀಗೆ ದುಪ್ಪಟ್ಟು ದಿನ ಶಾಲೆ ಕಳೆದುಕೊಂಡರು. ಇದು ನನ್ನನ್ನು ಈಗಲೂ ಕಾಡುವ ಅನ್ಯಾಯ. ಮನೆಯಲ್ಲಿ ಪ್ರತ್ಯೇಕ ಕೋಣೆ ಇಲ್ಲದವರಿಗಾಗಿಯೇ ಸರ್ಕಾರ ಕೋವಿಡ್ ಆರೈಕೆ ಕೇಂದ್ರಗಳನ್ನು ತೆರೆದಿತ್ತು. ಅಂಥ ವ್ಯವಸ್ಥೆ ಇದ್ದರೆ ಸೋಂಕಿತ ಹಿರಿಯರು ಮೊದಲ ದಿನವೇ ಅಲ್ಲಿಗೆ ಹೋಗುವುದು ಮಕ್ಕಳಿಗೆ ಮಾಡುವ ದೊಡ್ಡ ಉಪಕಾರ. ಮಗುವನ್ನು ಮಾತ್ರ ಅಜ್ಜಿಯ ಊರಿಗೆ ಕಳುಹಿಸಬೇಡಿ. ಮಗುವಿನಲ್ಲಿ ಸೋಂಕು ಅಡಗಿದ್ದರೆ ಅದಕ್ಕೆ ಹೆಚ್ಚು ಬೆಲೆ ತೆರುವವರು ವಯಸ್ಸಾದವರೇ.

4. ಮನೆಯಲ್ಲಿ ನಿಗಾ

ಗೋಡೆಯ ಕ್ಯಾಲೆಂಡರಿನಲ್ಲೇ ಬೆಳಿಗ್ಗೆ, ಸಂಜೆ ಜ್ವರದ ಅಳತೆ ಬರೆಯಿರಿ. ಆಶಾ ಕಾರ್ಯಕರ್ತೆ ಬಂದಾಗ ಆ ಪುಟ ತೋರಿಸಿದರೆ ಸಾಕು. ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಮಾಸ್ಕ್ ಬೇಡವೆಂದು 2022ರ ಕೇಂದ್ರ ಮಾರ್ಗಸೂಚಿ ಹೇಳಿತ್ತು. 6ರಿಂದ 11 ವರ್ಷದವರು ಹಿರಿಯರ ಕಣ್ಗಾವಲಿನಲ್ಲಿ, ಸರಿಯಾಗಿ ಹಾಕಿಕೊಳ್ಳಲು ಬಂದರೆ ಮಾತ್ರ ಧರಿಸಬಹುದಿತ್ತು. ಬಳಸಿದ ಮಾಸ್ಕನ್ನು ಕತ್ತರಿಸಿ, ಕಾಗದದ ಚೀಲದಲ್ಲಿ 72 ಗಂಟೆ ಇರಿಸಿ ಆಮೇಲೆ ಕಸಕ್ಕೆ ಹಾಕಬೇಕಿತ್ತು.

ಉಸಿರಾಡಲು ಕಷ್ಟಪಡುವುದು, ಆಮ್ಲಜನಕದ ಮಟ್ಟ 94ಕ್ಕಿಂತ ಕೆಳಗಿಳಿಯುವುದು, ಊಟ ನೀರು ಬಿಡುವುದು, ಎಬ್ಬಿಸಿದರೂ ಮಂಕಾಗಿರುವುದು, ಇವುಗಳಲ್ಲಿ ಯಾವುದು ಕಂಡರೂ ದಿನ ಎಣಿಸುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

5. ಶಾಲೆ ಮಾಡಬೇಕಾದದ್ದು

ಮುಖ್ಯ ಶಿಕ್ಷಕರು ಪ್ರತಿ ಮಗುವಿಗೂ ಒಂದು ಚೀಟಿ ಬರೆದುಕೊಡಲಿ: ಕೊನೆಯ ಸಂಪರ್ಕದ ದಿನ, ಅವಧಿ ಮುಗಿಯುವ ದಿನ, ಶಾಲೆಗೆ ಮರಳುವ ದಿನ. ಮೂರೇ ಸಾಲು. ಅದರ ಪ್ರತಿ ಶಾಲೆಯಲ್ಲಿರಲಿ. ಬಾಯಿಮಾತಿನಲ್ಲಿ ಹೇಳಿದ್ದು ಮನೆ ತಲುಪುವಷ್ಟರಲ್ಲಿ ಬದಲಾಗುತ್ತದೆ.

ಸೋಂಕಿತ ಮಗುವಿನ ಹೆಸರನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬಾರದು. ಸಂಪರ್ಕಿತರ ಪೋಷಕರಿಗೆ ಒಬ್ಬೊಬ್ಬರಿಗೂ ಫೋನು ಮಾಡಿ, ‘ನಿಮ್ಮ ಮಗು ಇಂಥ ದಿನ ಸಂಪರ್ಕಕ್ಕೆ ಬಂದಿದೆ’ ಎಂದಷ್ಟೇ ತಿಳಿಸಿದರೆ ಸಾಕು. ಸೋಂಕಿತರ ಮನೆ ಮುಂದೆ ಭಿತ್ತಿಪತ್ರ ಅಂಟಿಸಿದ್ದರಿಂದ ಆ ಕುಟುಂಬಗಳು ಎಷ್ಟು ಅವಮಾನ ಉಂಡವು ಎಂಬುದನ್ನು ಊರೂರಿನಲ್ಲಿ ಕಂಡಿದ್ದೇವೆ. ವಿಪತ್ತು ನಿರ್ವಹಣಾ ಕಾಯ್ದೆಯಡಿ ಸಕ್ಷಮ ಪ್ರಾಧಿಕಾರದ ನಿರ್ದೇಶನವಿಲ್ಲದೆ ಹಾಗೆ ಅಂಟಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿತು. ದೊಡ್ಡವರಿಗೇ ತಡೆಯಲಾಗದ ಆ ನೋಟವನ್ನು ಮಕ್ಕಳ ಮೇಲೆ ಹೇರಬಾರದು.

ಪಾಠ ತಲುಪಿಸುವ ದಾರಿ ಒಂದೇ ಇದ್ದರೆ ಸಾಲದು. ಸ್ಮಾರ್ಟ್‌ಫೋನು ಇಲ್ಲದ ಮನೆಗಳಿಗೆ ದೂರದರ್ಶನ ಚಂದನದ ಸೇತುಬಂಧ ಮತ್ತು ಸಂವೇದ ಪಾಠಗಳು ಆಸರೆಯಾದವು. ವಿದ್ಯಾಗಮ ಯೋಜನೆಯಲ್ಲಿ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋದರು. ಕ್ವಾರಂಟೈನ್‌ನಲ್ಲಿರುವ ಒಂದೆರಡು ಮಕ್ಕಳಿಗಾದರೆ ಅಷ್ಟೂ ಬೇಕಿಲ್ಲ. ಪಕ್ಕದ ಮನೆಯ ಸಹಪಾಠಿಯ ಕೈಯಲ್ಲಿ ಅಭ್ಯಾಸ ಹಾಳೆ ಕಳುಹಿಸಿ ಬಾಗಿಲಲ್ಲಿ ಇಟ್ಟುಬರಲು ಹೇಳಬಹುದು. ದಿನಕ್ಕೊಮ್ಮೆ ಶಿಕ್ಷಕರು ಸಾಧಾರಣ ಫೋನಿಗೇ ಕರೆ ಮಾಡಿ ಮಗುವಿನೊಡನೆ ಮಾತನಾಡಲಿ. ಬಿಸಿಯೂಟದ ಪಾಲಿನ ಅಕ್ಕಿ, ಬೇಳೆಯನ್ನೂ ಮರೆಯಬಾರದು. ಶಾಲೆಗಳು ಮುಚ್ಚಿದ್ದಾಗ ಪಡಿತರವನ್ನು ಮನೆಗೆ ಕೊಟ್ಟ ಅನುಭವ ನಮ್ಮ ಶಾಲೆಗಳಿಗೆ ಇದ್ದೇ ಇದೆ.

6. ಪರೀಕ್ಷೆ ಮತ್ತು ಮರಳುವ ದಿನ

ಪರೀಕ್ಷೆಯ ಹೊತ್ತಿಗೆ ಕ್ವಾರಂಟೈನ್ ಬಂದರೆ ಏನು ಮಾಡುವುದೆಂಬ ಆತಂಕಕ್ಕೆ ಪೋಷಕರು ಲಕ್ಷಣ ಮುಚ್ಚಿಡುತ್ತಾರೆ. ಜ್ವರದ ಮಾತ್ರೆ ನುಂಗಿಸಿ ಕಳುಹಿಸುವವರೂ ಇದ್ದಾರೆ. ಪರ್ಯಾಯವಿದೆ ಎಂದು ಮೊದಲೇ ತಿಳಿಸುವುದೊಂದೇ ಇದಕ್ಕೆ ಮದ್ದು. 2020ರ ಜೂನ್ 25ರಂದು ಆರಂಭವಾದ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಕೆಮ್ಮು, ಜ್ವರ ಇದ್ದವರಿಗೆ ಪ್ರತ್ಯೇಕ ಕೊಠಡಿಗಳಿದ್ದವು. ಸೋಂಕಿನಿಂದ ಬರೆಯಲಾಗದವರಿಗೆ ಪೂರಕ ಪರೀಕ್ಷೆಯನ್ನೇ ಮೊದಲ ಯತ್ನವೆಂದು ಪರಿಗಣಿಸಲಾಯಿತು. 2021ರ ಜುಲೈ 19 ಮತ್ತು 22ರಂದು ಎರಡೇ ದಿನ ನಡೆದ ಪರೀಕ್ಷೆಯಲ್ಲಿ ಸೋಂಕಿತರು ಆರೈಕೆ ಕೇಂದ್ರದಲ್ಲೇ ಬರೆಯುವ ವ್ಯವಸ್ಥೆ ಇತ್ತು. ರಾಜ್ಯಮಟ್ಟದಲ್ಲಿ ಇಷ್ಟು ಸಾಧ್ಯವಾದ ಮೇಲೆ, ಒಂದು ಕಿರುಪರೀಕ್ಷೆಯನ್ನು ವಾರ ಮುಂದೂಡಲು ಶಾಲೆಗೆ ಕಷ್ಟವಾಗಬಾರದು. 2020ರ ಅಕ್ಟೋಬರ್‌ನ ಕೇಂದ್ರ ಶಿಕ್ಷಣ ಸಚಿವಾಲಯದ ಮಾರ್ಗಸೂಚಿಯೂ ಹಾಜರಾತಿಗೆ ಒತ್ತಾಯ ಮಾಡಬಾರದೆಂದೇ ಹೇಳಿತ್ತು.

ಅವಧಿ ಮುಗಿದು ಮರಳಿದ ಮಗುವಿನಿಂದ ಮತ್ತೊಂದು ನೆಗೆಟಿವ್ ವರದಿ ಕೇಳುವ ರೂಢಿ ಹಲವೆಡೆ ಇತ್ತು. ಮನೆಯಲ್ಲೇ ಪ್ರತ್ಯೇಕವಾಸ ಮುಗಿಸಿದವರಿಗೆ ಮರುಪರೀಕ್ಷೆ ಬೇಡವೆಂದು ಕೇಂದ್ರದ ಮಾರ್ಗಸೂಚಿ ಸ್ಪಷ್ಟವಾಗಿಯೇ ಹೇಳಿತ್ತು. ಕಾಯಿಲೆ ವಾಸಿಯಾದ ಮೇಲೂ ಆರ್‌ಟಿ-ಪಿಸಿಆರ್‌ನಲ್ಲಿ ನಿರ್ಜೀವ ವೈರಾಣುವಿನ ತುಣುಕುಗಳು ವಾರಗಟ್ಟಲೆ ಕಾಣಿಸಬಹುದು; ಅದನ್ನು ನೋಡಿ ಮಗುವನ್ನು ಗೇಟಿನಿಂದಲೇ ಹಿಂದಕ್ಕೆ ಕಳುಹಿಸುವುದು ತಪ್ಪು. ನಿಮ್ಮ ಶಾಲೆ ಹಾಗೆ ಕೇಳಿದರೆ ಮುಖ್ಯ ಶಿಕ್ಷಕರು ಕೊಟ್ಟ ಚೀಟಿ ತೋರಿಸಿ, ಆರೋಗ್ಯ ಕೇಂದ್ರದ ವೈದ್ಯರಿಂದ ಅವಧಿ ಮುಗಿದಿದೆ ಎಂದು ಒಂದು ಸಾಲು ಬರೆಸಿಕೊಳ್ಳಿ. ಅದನ್ನೂ ಒಪ್ಪದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತವಾಗಿ ದೂರು ಕೊಡಿ, ಸ್ವೀಕೃತಿ ಪಡೆಯಿರಿ.