ಹೊಳೆದಾರಿಯ ಹಳೆಯ ಗುರುತುಗಳನ್ನು ಹುಡುಕುವ ಬಗೆ

ಮಂಡ್ಯ ಜಿಲ್ಲೆಯ ಕಾವೇರಿ ದಂಡೆಯ ಊರುಗಳಲ್ಲಿ ಹೊಳೆಗಿಳಿಯುವ ದಾರಿ ಎಲ್ಲರಿಗೂ ಸೇರಿದ್ದು. ಆದರೂ ಎರಡೂ ಪಕ್ಕದ ಕಬ್ಬಿನ ಗದ್ದೆಗಳು ವರ್ಷಕ್ಕೊಂದು ಗೇಣು ಒಳಸರಿದರೆ, ಜೋಡೆತ್ತಿನ ಗಾಡಿ ಹೋಗುತ್ತಿದ್ದ ಕಡೆ ಕೊನೆಗೆ ಬದುವಷ್ಟೇ ಉಳಿಯುತ್ತದೆ. ಅಂಥ ದಾರಿಯ ಇತಿಹಾಸವನ್ನು ತಿಳಿಯಬಯಸುವವರು ಕಚೇರಿಗೆ ಹೋಗುವ ಮೊದಲು ಊರಿನ ಹಿರಿಯರೊಡನೆ ಒಮ್ಮೆ ಅಲ್ಲಿ ನಡೆದು ಬರಬೇಕು. ದಾರಿ ಎಲ್ಲಿತ್ತೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹಬ್ಬದಲ್ಲಿ ಹೂವು-ಹೊಂಬಾಳೆಗೆ (ದೇವರನ್ನು ಹೊಳೆಗೆ ಹೊತ್ತೊಯ್ದು ಪೂಜಿಸುವ ಆಚರಣೆಗೆ) ದೇವರು ಯಾವ ಕಡೆಯಿಂದ ಇಳಿಯುತ್ತಿತ್ತೆಂದು ಕೇಳಿದರೆ ಎಲ್ಲರ ಕೈಯೂ ಒಂದೇ ಕಡೆ ತೋರಿಸುತ್ತದೆ. ನಮ್ಮೂರಿನಲ್ಲಿ ಒಬ್ಬ ಅಜ್ಜಿ, “ಈ ಹೊಂಗೆಮರದ ಬುಡದಲ್ಲೇ ಹೆಗಲು ಬದಲಾಯಿಸುತ್ತಿದ್ದರು ಕಣಪ್ಪ” ಎಂದರು. ಅಲ್ಲಿನ ಕಬ್ಬಿನ ರವದಿ ಸರಿಸಿದಾಗ ಅರ್ಧ ಹೂತ ಸರ್ವೆ ಕಲ್ಲು ಸಿಕ್ಕಿತು.

ಆನಂತರ ಗ್ರಾಮ ನಕ್ಷೆಯನ್ನು ಪಡೆಯಿರಿ. ಅದರಲ್ಲಿ ಚುಕ್ಕೆಗೆರೆಗಳಾಗಿ ಕಾಣುವ ದಾರಿಗಳನ್ನು ಗುರುತಿಸಿ. ನಕ್ಷೆಯ ಅಳತೆ 1:7920 ಎಂದಿದ್ದರೆ ಕಾಗದದ ಒಂದು ಅಂಗುಲವು ನೆಲದ ಮೇಲೆ 660 ಅಡಿ, ಅಂದರೆ ಒಂದು ಫರ್ಲಾಂಗು. ದಾರಿಯ ಅಗಲವನ್ನು ಮಾತ್ರ ಈ ನಕ್ಷೆಯಿಂದ ನಿರ್ಧರಿಸಲು ಹೋಗಬೇಡಿ; ಅದಕ್ಕೆ ಸರ್ವೆ ನಂಬರಿನ ಟಿಪ್ಪಣಿ (ಅಳತೆಯ ವಿವರವಿರುವ ನಕಾಶೆ) ಮತ್ತು ಆಕಾರ್‌ಬಂದ್ (ಪ್ರತಿ ನಂಬರಿನ ವಿಸ್ತೀರ್ಣ, ಖರಾಬು, ಕಂದಾಯಗಳ ಪಟ್ಟಿ) ಬೇಕು.

ಪಹಣಿಯನ್ನು ಬಹಳ ಎಚ್ಚರದಿಂದ ಓದಬೇಕು. ಅದರಲ್ಲಿ ಖರಾಬು ‘ಅ’ ಎಂದರೆ ಸಾಗುವಳಿಗೆ ಒದಗದ ನೆಲ. ‘ಬ’ ಎಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು. ಒಂದು ಗುಂಟೆಗೆ 1,089 ಚದರ ಅಡಿ. ಹಾಗಾಗಿ ದಾರಿಗೆಂದೇ 3 ಗುಂಟೆ ‘ಬ’ ಖರಾಬು ಬಿಟ್ಟಿದ್ದು, ದಾರಿ ಆ ನಂಬರಿನೊಳಗೆ 330 ಅಡಿ ಹಾದಿದ್ದರೆ, ಅದರ ಅಗಲ ಹತ್ತು ಅಡಿಗೆ ತುಸು ಕಡಿಮೆ ಎಂದಾಗುತ್ತದೆ. ಈ ಒಂದು ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ನಮ್ಮೂರಿನ ಎಷ್ಟೋ ದಿನಗಳ ವಾದ ಅಲ್ಲಿಗೇ ನಿಂತಿತು.

ಮಂಡ್ಯವು ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೂ ಹಿಂದಿನ ಕಾಗದಗಳು ಮೈಸೂರು ಜಿಲ್ಲೆಯ ಹೆಸರಿನಲ್ಲಿರುವುದರಿಂದ ಹುಡುಕಾಟವನ್ನು ಮೈಸೂರಿಗೂ ಒಯ್ಯಬೇಕಾಗುತ್ತದೆ. ಕನ್ನಂಬಾಡಿ ಕಟ್ಟೆಯ ನಾಲೆಗಳು ಬಂದಾಗ ಕೆಲವೆಡೆ ಹಳೆಯ ದಾರಿಗಳು ತುಂಡಾಗಿ, ಸೇತುವೆ ಇರುವಲ್ಲಿಗೆ ತಿರುಗಿಕೊಂಡವು. ನೆಟ್ಟಗೆ ಬಂದ ದಾರಿ ನಾಲೆಯ ಬಳಿ ಇದ್ದಕ್ಕಿದ್ದಂತೆ ಸೊಟ್ಟಗಾದರೆ ಕಾರಣವನ್ನು ಮೊದಲು ಅಲ್ಲಿ ಹುಡುಕಿ. ಪ್ರತಿಗಳು ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಡಬಹುದು. ಉತ್ತರಕ್ಕೆ 30 ದಿನಗಳ ಗಡುವಿದೆ.

ಕೊನೆಗೆ ಅಳತೆಗೆ ಕೇಳಿಕೊಳ್ಳುವಾಗ ಕಬ್ಬು ಕಡಿದ ಮೇಲಿನ ದಿನವನ್ನೇ ಆರಿಸಿಕೊಳ್ಳಿ, ಏಕೆಂದರೆ ನಿಂತ ಕಬ್ಬಿನೊಳಗೆ ಸರಪಳಿ ನೇರವಾಗಿ ಎಳೆಯಲಾಗದು. ಪಕ್ಕದ ಗದ್ದೆಯವರನ್ನು ಮುಂಚಿತವಾಗಿ ಮನೆಗೇ ಹೋಗಿ ಕರೆಯಿರಿ. ಕಲ್ಲು ನೆಡುವಾಗ ಅವರೂ ಎದುರಿಗಿರಬೇಕು.